ಹೋಗುವವರು ನೆಟ್ಟದ್ದನ್ನು ಉಳಿಯುವವರು ಕಾಯುವ ತೋಟ

ಕಾಲೇಜಿನ ಆವರಣದಲ್ಲಿ ತರಕಾರಿ ತೋಟ ಮಾಡಲು ಹೊರಟ ಅಧ್ಯಾಪಕ ಮಿತ್ರರು ನನ್ನನ್ನು ಮೊದಲು ಕೇಳುವುದು ಮಣ್ಣು ಹೇಗಿರಬೇಕು, ಬೀಜ ಎಲ್ಲಿ ಸಿಗುತ್ತದೆ, ನೀರು ಎಷ್ಟು ಬೇಕು ಎಂದು. ಇವೆಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ತುಮಕೂರು ಸೀಮೆಯ ಒಂದು ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತ, ಅಲ್ಲಿನ ಸಾಮೂಹಿಕ ತೋಟದ ಹೊಣೆಯನ್ನು ಹಲವು ವರ್ಷಗಳಿಂದ ಹೊತ್ತುಕೊಂಡಿರುವ ನನಗೆ ಇವೆಲ್ಲಕ್ಕಿಂತ ಮೊದಲು ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ ಎನಿಸಿದೆ. ಯಾವ ತಿಂಗಳಲ್ಲಿ ಈ ತೋಟದಲ್ಲಿ ಯಾರು ಇರುತ್ತಾರೆ? ಹಳ್ಳಿಯ ಹಿತ್ತಲಿಗೆ ಒಂದು ಮನೆತನವಿರುತ್ತದೆ. ಅಜ್ಜಿ ಹಾಕಿದ ಬಸಳೆ ಬಳ್ಳಿಯನ್ನು ಸೊಸೆ ಹಬ್ಬಿಸುತ್ತಾಳೆ. ಕಾಲೇಜಿನ ತೋಟಕ್ಕೆ ಅಂಥ ಮನೆತನವಿಲ್ಲ. ಅಲ್ಲಿ ಕೆಲಸ ಕಲಿತ ಕೈಗಳು ಮೂರು ವರ್ಷಕ್ಕೆಲ್ಲ ಹೊರಟುಹೋಗುತ್ತವೆ, ಹೊಸದಾಗಿ ಬಂದವರಿಗೆ ಗುದ್ದಲಿಯ ಹಿಡಿಯಿಂದಲೇ ಪಾಠ ಆರಂಭಿಸಬೇಕಾಗುತ್ತದೆ. ಮುಚ್ಚಿಹೋದ ಕಾಲೇಜು ತೋಟಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಹುಳ ಬಿದ್ದು ಹಾಳಾದವಲ್ಲ. ರಜೆ ಬಂದು ಹಾಳಾದವು.

ನಮ್ಮ ಬಯಲುಸೀಮೆಯ ದಕ್ಷಿಣ ಭಾಗದಲ್ಲಿ ಮಳೆಯ ಲೆಕ್ಕಕ್ಕೂ ಸೆಮಿಸ್ಟರಿನ ಲೆಕ್ಕಕ್ಕೂ ಅರ್ಧ ಸ್ನೇಹ, ಅರ್ಧ ಜಗಳ. ಏಪ್ರಿಲ್ ಕೊನೆಯ ಭರಣಿಯಿಂದ ಜೂನ್ ಮೊದಲ ವಾರದ ರೋಹಿಣಿಯವರೆಗೆ ಬರುವ ಗುಡುಗು ಮಳೆಗಳು ನೆಲವನ್ನು ಹದ ಮಾಡುವ ಹೊತ್ತಿಗೆ ಮಕ್ಕಳು ಪರೀಕ್ಷೆಯ ಗಡಿಬಿಡಿಯಲ್ಲಿರುತ್ತಾರೆ, ಇಲ್ಲವೇ ಊರಿಗೆ ಹೋಗಿರುತ್ತಾರೆ. ರೈತ ಬಿತ್ತಲು ಓಡಾಡುವ ಆ ದಿನಗಳಲ್ಲಿ ಕಾಲೇಜಿನ ಗೇಟಿಗೆ ಬೀಗ. ಆದರೆ ನಮ್ಮ ಭಾಗದ ದೊಡ್ಡ ಮಳೆ ಸುರಿಯುವುದು ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ, ಉತ್ತರೆ, ಹಸ್ತ, ಚಿತ್ತೆಗಳಲ್ಲಿ. ಆಗ ತರಗತಿಗಳು ತುಂಬಿರುತ್ತವೆ, ಹಾಸ್ಟೆಲು ತುಂಬಿರುತ್ತದೆ, ದುಡಿಯುವ ಕೈಗಳೂ ಉಣ್ಣುವ ಬಾಯಿಗಳೂ ಇರುತ್ತವೆ. ಹಾಗಾಗಿ ನಮ್ಮ ತೋಟದ ವರ್ಷ ಯುಗಾದಿಗೂ ಆರಂಭವಾಗುವುದಿಲ್ಲ, ಮುಂಗಾರಿಗೂ ಆರಂಭವಾಗುವುದಿಲ್ಲ. ಹೊಸ ಮಕ್ಕಳು ಬಂದು ನೆಲೆಯಾಗುವ ಆಗಸ್ಟಿನಲ್ಲಿ ಆರಂಭವಾಗುತ್ತದೆ. (ಕರಾವಳಿಯ ಕಾಲೇಜುಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಜೂನಿನಿಂದ ಎಡೆಬಿಡದೆ ಮಳೆ ಸುರಿಯುವ ಅಲ್ಲಿ ತರಕಾರಿಯ ನಿಜವಾದ ಕಾಲ ಮಳೆ ಇಳಿದ ಮೇಲೆ ಬರುತ್ತದೆ. ಉಡುಪಿ ಸಮೀಪದ ಮಟ್ಟುವಿನಲ್ಲಿ, 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಗುಳ್ಳ ಬದನೆಯನ್ನು ಭತ್ತದ ಕೊಯ್ಲಾದ ಗದ್ದೆಗಳಲ್ಲಿ ನೆಡುವುದು ಇದೇ ಕಾರಣಕ್ಕೆ.)

ಬೆಳೆಯ ಆಯ್ಕೆಯೂ ಇದೇ ಲೆಕ್ಕದಿಂದ ಹುಟ್ಟಬೇಕು. ಹೊಸದಾಗಿ ಬಂದ ಹುಡುಗ ಹುಡುಗಿಯರ ಕೈಗೆ ಮೊದಲು ಕೊಡುವುದು ಮೆಂತ್ಯ ಮತ್ತು ದಂಟು. ಇವೆರಡೂ ತಿಂಗಳೊಳಗೆ ಕೀಳಲು ಬರುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಎಂಬ ದಂಟಿನ ತಳಿಯನ್ನು ಬುಡಸಮೇತ ಕೀಳದೆ ಮತ್ತೆ ಮತ್ತೆ ಕೊಯ್ಯಬಹುದಾದ್ದರಿಂದ ಒಮ್ಮೆ ಬಿತ್ತಿದರೆ ಮಕ್ಕಳಿಗೆ ಹಲವು ವಾರಗಳ ಕೊಯ್ಲು ಸಿಗುತ್ತದೆ. ತಾನು ಬಿತ್ತಿದ್ದನ್ನು ಒಂದು ತಿಂಗಳೊಳಗೆ ತಟ್ಟೆಯಲ್ಲಿ ಕಂಡ ವಿದ್ಯಾರ್ಥಿ ಎರಡನೆಯ ಬಿತ್ತನೆಗೆ ಕರೆಯದೆಯೇ ಬರುತ್ತಾನೆ. ಮೊದಲ ಬೆಳೆಗೇ ಮೂರು ತಿಂಗಳು ಕಾಯಿಸಿದರೆ ಆ ಉತ್ಸಾಹ ಇಂಟರ್ನಲ್ ಪರೀಕ್ಷೆಯ ಹೊತ್ತಿಗೆ ಆರಿರುತ್ತದೆ. ಸೊಪ್ಪಿನ ಹಿಂದೆಯೇ ಆರೇಳು ವಾರಕ್ಕೆ ಬರುವ ಮೂಲಂಗಿ, ಬೆಂಡೆ, ಹುರುಳಿಕಾಯಿ ಬರುತ್ತವೆ. ಒಟ್ಲುಪಾತಿಯಲ್ಲಿ ಸಸಿ ಮಾಡಿ ನಾಟಿ ಮಾಡಬೇಕಾದ ಬದನೆ ಮತ್ತು ಟೊಮೆಟೊಗಳನ್ನು ಎರಡನೆಯ ವರ್ಷದವರಿಗೆ ಒಪ್ಪಿಸುತ್ತೇವೆ, ಏಕೆಂದರೆ ಅವು ತಾಳ್ಮೆಯನ್ನೂ ಹಿಂದಿನ ವರ್ಷದ ಅನುಭವವನ್ನೂ ಕೇಳುತ್ತವೆ.

ಅವರೆಯ ಮಾತನ್ನು ಬೇರೆಯಾಗಿಯೇ ಹೇಳಬೇಕು. ನಮ್ಮ ಊರುಗಳ ಹಳೆಯ ಸೊಗಡವರೆ ಹಗಲಿನ ಉದ್ದವನ್ನು ಅಳೆದು ಹೂ ಬಿಡುವ ಗಿಡ. ಜುಲೈಯಲ್ಲಿ ಬಿತ್ತಿದರೂ ಆಗಸ್ಟಿನಲ್ಲಿ ಬಿತ್ತಿದರೂ ಹಗಲು ಕುಗ್ಗತೊಡಗಿದ ಮೇಲೆಯೇ ಅದು ಹೂವಿಗೆ ಬರುತ್ತದೆ, ಮಂಜು ಬೀಳುವ ಡಿಸೆಂಬರಿನಲ್ಲಿ ಸೊಗಡು ತುಂಬಿಕೊಂಡು ಕಾಯಾಗುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3 ಮತ್ತು 4 ತಳಿಗಳಿಗೆ ಈ ಕಟ್ಟುಪಾಡಿಲ್ಲ. ವರ್ಷದ ಯಾವ ಕಾಲದಲ್ಲಿ ಬಿತ್ತಿದರೂ ಅವು ಹೂ ಬಿಡುತ್ತವೆ. ನಾವು ಎರಡನ್ನೂ ಅಕ್ಕಪಕ್ಕದ ಸಾಲುಗಳಲ್ಲಿ ಹಾಕುತ್ತೇವೆ. ದ್ಯುತಿಅವಧಿ, ಅಂದರೆ ಹಗಲಿನ ಉದ್ದಕ್ಕೆ ಗಿಡ ಸ್ಪಂದಿಸುವ ಬಗೆ, ಎಂಬ ಪಾಠವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಬಿಡಿಸಿ ಹೇಳಿದರೂ ಮಕ್ಕಳ ಮುಖದಲ್ಲಿ ಕಾಣದ ಬೆಳಕು, ಒಂದು ಸಾಲು ಹೂವಾಗಿ ಪಕ್ಕದ ಸಾಲು ಬರೀ ಬಳ್ಳಿಯಾಗಿ ನಿಂತಿರುವುದನ್ನು ನೋಡಿದಾಗ ಕಾಣುತ್ತದೆ. ಅಷ್ಟೇ ಅಲ್ಲ, ಅವರೆಯ ಕೊಯ್ಲು ಸೆಮಿಸ್ಟರಿನ ಕೊನೆಗೆ ಸರಿಯಾಗಿ ಬಂದು ಕೂರುವುದರಿಂದ ಪರೀಕ್ಷೆಗೆ ಓದಿ ದಣಿದ ಮಕ್ಕಳು ಸಂಜೆ ಹಾಸ್ಟೆಲಿನ ಜಗಲಿಯಲ್ಲಿ ಕೂತು ಹಿತಕಿದ ಅವರೆಬೇಳೆಗೆ ಕಾಳು ಹಿಸುಕುತ್ತಾರೆ.

ಎರಡನೆಯ ಸೆಮಿಸ್ಟರ್ ಕಷ್ಟದ್ದು. ಫೆಬ್ರವರಿಯಿಂದಲೇ ನೀರಿನ ಚಿಂತೆ ಆರಂಭ. ನಮ್ಮ ಕಡೆಯ ಉರಿಬೇಸಗೆಯಲ್ಲಿ ಒಂದು ಚದರ ಮೀಟರ್ ತರಕಾರಿ ಪಾತಿ ದಿನಕ್ಕೆ ಸುಮಾರು ಐದು ಲೀಟರ್ ನೀರು ಕುಡಿಯುತ್ತದೆ; ಕೊಳವೆಬಾವಿಯ ನೀರನ್ನು ಹಾಸ್ಟೆಲಿನ ಬಕೆಟ್ಟಿಗೂ ಟೊಮೆಟೊ ಬುಡಕ್ಕೂ ಹಂಚಬೇಕಾಗಿ ಬಂದರೆ ಬಕೆಟ್ಟಿಗೇ ಮೊದಲ ಹಕ್ಕು ಎಂದು ನಾವು ಹಿಂದೆಯೇ ಒಪ್ಪಿಕೊಂಡಿದ್ದೇವೆ. ಆದ್ದರಿಂದ ಬೇಸಗೆಯಲ್ಲಿ ಪಾತಿಗಳ ಸಂಖ್ಯೆಯನ್ನು ಇಳಿಸುತ್ತೇವೆ, ಉಳಿದ ಪಾತಿಗಳಿಗೆ ಒಣ ಎಲೆಯ ದಪ್ಪ ಹೊದಿಕೆ ಹಾಕುತ್ತೇವೆ, ಇದಕ್ಕೆಂದೇ ಮಣ್ಣಿನ ಮಡಕೆಗಳನ್ನು ಕುಂಬಾರರಲ್ಲಿ ಹೇಳಿ ಮಾಡಿಸುವ ಬದಲು ಸಂತೆಯಲ್ಲಿ ಸಿಗುವ ಸಾದಾ ಮಡಕೆಗಳನ್ನೇ ಕತ್ತಿನವರೆಗೆ ಹೂತು ನೀರು ತುಂಬಿ ಮುಚ್ಚುತ್ತೇವೆ. ಮಡಕೆಯ ಮೈಯಿಂದ ಜಿನುಗುವ ನೀರು ನೇರವಾಗಿ ಬೇರಿಗೆ ಹೋಗುತ್ತದೆ. ಕೈ ತೊಳೆಯುವ ತೊಟ್ಟಿಯ ನೀರು ಬಾಳೆ ಮತ್ತು ಕೆಸುವಿನ ಮಡಿಗೆ ಹರಿಯುತ್ತದೆ.

ಆಮೇಲೆ ರಜೆ. ಆ ತಿಂಗಳುಗಳಿಗೆಂದೇ ನಮ್ಮಲ್ಲಿ ಎರಡು ಏರ್ಪಾಡುಗಳಿವೆ. ತೋಟದ ಸುತ್ತಂಚಿನಲ್ಲಿ ನುಗ್ಗೆ, ಕರಿಬೇವು, ಚಕ್ರಮುನಿ, ಬಸಳೆ, ದೊಡ್ಡಪತ್ರೆಗಳಿವೆ. ಇವು ಯಾರು ನೋಡಿಕೊಂಡರೂ ನೋಡದಿದ್ದರೂ ಬದುಕುವ ಗಿಡಗಳು. ನಡುವಿನ ಪಾತಿಗಳಿಗೆ ರೋಹಿಣಿ ಅಥವಾ ಮೃಗಶಿರದ ಹದ ನೋಡಿ ಮಾಲಿಯವರು ಅಪ್ಸೆಣಬನ್ನು ಚೆಲ್ಲಿಬಿಡುತ್ತಾರೆ. ಅದಕ್ಕೆ ಕಳೆ ಕೀಳಬೇಕಾಗಿಲ್ಲ, ಅದೇ ಕಳೆಯನ್ನು ಅಡಗಿಸುತ್ತದೆ. ಒಂದೂವರೆ ತಿಂಗಳಿಗೆ ಹೂ ಬರುವ ಹೊತ್ತಿನಲ್ಲಿ ಕೊಚ್ಚಿ ಮಣ್ಣಿಗೆ ಸೇರಿಸಿದರೆ ಮಕ್ಕಳು ಹಿಂದಿರುಗುವಷ್ಟರಲ್ಲಿ ಕೊಳೆತು ಗೊಬ್ಬರವಾಗಿರುತ್ತದೆ. ಖಾಲಿ ಬಿಟ್ಟ ಪಾತಿಯಲ್ಲಿ ರಜೆ ಮುಗಿಯುವಷ್ಟರಲ್ಲಿ ಪಾರ್ಥೇನಿಯಂ ಸೊಂಟದೆತ್ತರ ನಿಂತಿರುತ್ತದೆ, ಮತ್ತು ಆ ದೃಶ್ಯವನ್ನು ನೋಡಿದ ಹೊಸ ಪ್ರಾಂಶುಪಾಲರು ಯಾರೇ ಆಗಲಿ ಆ ಜಾಗವನ್ನು ಪಾರ್ಕಿಂಗಿಗೆ ಕೊಡಲು ಯೋಚಿಸಿದರೆ ಅವರನ್ನು ದೂರುವಂತಿಲ್ಲ.

ಜಾಗದ ವಿಷಯಕ್ಕೆ ಬಂದರೆ, ಬಾಯಿಮಾತಿನ ಅನುಮತಿಯ ಮೇಲೆ ಒಂದು ಗುದ್ದಲಿಯನ್ನೂ ಎತ್ತಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರಾಂಶುಪಾಲರು ವರ್ಗವಾಗುತ್ತಾರೆ, ನಿವೃತ್ತರಾಗುತ್ತಾರೆ. ಕಾಲೇಜು ಅಭಿವೃದ್ಧಿ ಸಮಿತಿಯ ಸಭೆಯಲ್ಲಿ ವಿಷಯ ಮಂಡಿಸಿ, ಜಾಗದ ಗಡಿ, ನೀರಿನ ಮೂಲ, ಬೆಳೆಯ ಹಂಚಿಕೆ ಈ ಮೂರನ್ನೂ ನಡಾವಳಿಯಲ್ಲಿ ಬರೆಸಿಕೊಳ್ಳಬೇಕು. ಗುದ್ದಲಿ, ಸನಿಕೆ, ಕುರ್ಪಿ, ಮಂಕರಿಗಳು ದಾಸ್ತಾನು ಪುಸ್ತಕದಲ್ಲಿ ದಾಖಲಾಗಬೇಕು. ಸಾಮಾನ್ಯವಾಗಿ ಕಾಲೇಜಿನವರು ತೋಟಕ್ಕೆ ತೋರಿಸುವುದು ಕಟ್ಟಡದ ಹಿಂದಿನ, ಬೇರಾವುದಕ್ಕೂ ಬಾರದ ಜಾಗವನ್ನು. ಅಲ್ಲಿ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುತ್ತದೆಯೇ ಎಂದು ನೋಡಿಯೇ ಒಪ್ಪಬೇಕು. ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ: ಕಟ್ಟಡ ಕಟ್ಟುವಾಗ ಉಳಿದ ಸಿಮೆಂಟು, ಸುಣ್ಣ, ಗಾರೆ ಎಲ್ಲವೂ ಅದೇ ಹಿಂಭಾಗದಲ್ಲಿ ಹೂತಿರುತ್ತದೆ. ಅಂಥ ನೆಲ ಕ್ಷಾರವಾಗಿ, ಮಣ್ಣಿನಲ್ಲಿ ಕಬ್ಬಿಣವಿದ್ದರೂ ಗಿಡಕ್ಕೆ ದಕ್ಕದೆ, ಎಳೆಯ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಮಿಕ್ಕೆಲ್ಲ ಹಳದಿಗೆ ತಿರುಗುತ್ತವೆ. ಅದನ್ನು ಗೊಬ್ಬರದ ಕೊರತೆಯೆಂದು ತಿಳಿದು ಚೀಲಗಟ್ಟಲೆ ಸುರಿದರೆ ಪ್ರಯೋಜನವಿಲ್ಲ. ಅಂಕುಡೊಂಕಾಗಿ ಹಲವು ಕಡೆ ‘ವಿ’ ಆಕಾರದ ಗುಂಡಿ ತೋಡಿ, ಆರು ಅಂಗುಲ ಆಳದವರೆಗಿನ ಮಣ್ಣನ್ನು ಕೆರೆದು ಕೂಡಿಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಉಳಿಸಿಕೊಳ್ಳುತ್ತ ಅರ್ಧ ಕೆ.ಜಿ.ಗೆ ಇಳಿಸಿ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸುವುದು ಮೊದಲ ಕೆಲಸವಾಗಬೇಕು.

ಗೊಬ್ಬರವನ್ನು ಹೊರಗಿನಿಂದ ಕೊಳ್ಳುವ ಅಗತ್ಯ ಒಂದು ಕಾಲೇಜಿಗೆ ಬರಬಾರದು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಐದು ಸಾವಿರ ಚದರ ಮೀಟರಿಗಿಂತ ದೊಡ್ಡ ಆವರಣವಿರುವ ಸಂಸ್ಥೆಗಳು ಕೊಳೆಯುವ ಕಸವನ್ನು ಸಾಧ್ಯವಾದಷ್ಟೂ ತಮ್ಮ ಆವರಣದೊಳಗೇ ಸಂಸ್ಕರಿಸಬೇಕೆಂದು ಹೇಳಿದ್ದವು. ಹೀಗಿದ್ದೂ ಎಷ್ಟೋ ಕಾಲೇಜುಗಳಲ್ಲಿ ಇಂದಿಗೂ ಬೆಳಿಗ್ಗೆ ಗುಡಿಸಿದ ಎಲೆಗೆ ಬೆಂಕಿ ಹಚ್ಚುತ್ತಾರೆ. ಮಳೆಮರ, ಹೊಂಗೆ, ಗುಲ್‌ಮೊಹರ್‌ಗಳ ಆ ಎಲೆಯೇ ನಮ್ಮ ತೋಟದ ಬಂಡವಾಳ. ಹಾಸ್ಟೆಲಿನ ಅಡುಗೆಮನೆಯ ಸಿಪ್ಪೆ ಒಂದು ಪದರ, ಒಣ ಎಲೆ ಎರಡು ಮೂರು ಪದರ, ನಡುನಡುವೆ ಸಗಣಿ ನೀರು. ತೇವ ಆರದಂತೆ ನೋಡಿಕೊಂಡು ಆಗಾಗ ಮಗುಚಿದರೆ ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ ಸಿದ್ಧ. ಬೇಯಿಸಿದ ಅನ್ನ ಸಾರನ್ನು ಇದಕ್ಕೆ ಹಾಕಬಾರದು, ಇಲಿ ಹೆಗ್ಗಣಗಳನ್ನು ಕರೆದಂತಾಗುತ್ತದೆ. ನೀಲಗಿರಿ ಮತ್ತು ಅಕೇಶಿಯಾ ಎಲೆ ಬೇಗ ಕೊಳೆಯುವುದಿಲ್ಲವಾದ್ದರಿಂದ ಅವು ದಾರಿಗೆ ಹಾಸಲು ಹೋಗುತ್ತವೆ.

ಇಷ್ಟೆಲ್ಲ ಹೇಳಿದರೂ ಮುಖ್ಯವಾದ ಮಾತು ಇನ್ನೂ ಉಳಿದಿದೆ. ಅಧ್ಯಾಪಕರೂ ಸೇರಿದಂತೆ ಕಾಲೇಜಿನಲ್ಲಿ ಎಲ್ಲರೂ ಬಂದು ಹೋಗುವವರಾದರೆ, ವರ್ಷವಿಡೀ ಇರುವವರು ಯಾರು? ಮಾಲಿ, ರಾತ್ರಿ ಕಾವಲುಗಾರ, ಶೌಚಾಲಯ ಶುಚಿಮಾಡುವವರು, ಹಾಸ್ಟೆಲಿನ ಅಡುಗೆಯವರು. ಕಾಲೇಜಿನ ವಾರ್ಷಿಕ ಸಂಚಿಕೆಯ ಫೋಟೋಗಳಲ್ಲಿ ಇವರು ಇರುವುದಿಲ್ಲ. ತೋಟದ ಸಮಿತಿಗಳಲ್ಲಂತೂ ಇರುವುದೇ ಇಲ್ಲ. ವಿದ್ಯಾರ್ಥಿಗಳು ಅಧ್ಯಕ್ಷ, ಕಾರ್ಯದರ್ಶಿಗಳಾಗುತ್ತಾರೆ, ಇವರು ನೀರು ಹಾಕುತ್ತಾರೆ. ಇದು ಅನ್ಯಾಯವೆಂಬುದು ಒಂದು ಮಾತು. ಇದರಿಂದ ತೋಟಕ್ಕೇ ಆಗುವ ನಷ್ಟ ಇನ್ನೊಂದು ಮಾತು, ಏಕೆಂದರೆ ತೋಟವನ್ನು ನಿಜವಾಗಿ ಬಲ್ಲವರು ಅವರೇ.

ಒಮ್ಮೆ ಮಳೆಗಾಲದಲ್ಲಿ ಮಕ್ಕಳು ಬೆಂಡೆ ಪಾತಿಯ ಕಳೆ ಕಿತ್ತು ತಿಪ್ಪೆಗೆ ಒಯ್ಯುತ್ತಿದ್ದಾಗ ಹಾಸ್ಟೆಲಿನ ಅಡುಗೆಯಮ್ಮ ದಾರಿಯಲ್ಲೇ ಅವರನ್ನು ನಿಲ್ಲಿಸಿದರು. “ಯಾಕ್ರವ್ವಾ ಇದ್ನ ತಿಪ್ಪೆಗಾಕ್ತೀರಿ? ಅಣ್ಣೆ ಸೊಪ್ಪೈತೆ, ಹೊನಗೊನ್ನೆ ಐತೆ, ಇನ್ನೆರಡು ಸೇರುದ್ರೆ ಬಸ್ಸಾರೇ ಆಯ್ತದಲ್ಲ” ಎಂದು ಮಂಕರಿಯನ್ನು ಇಳಿಸಿಕೊಂಡು ಆರಿಸತೊಡಗಿದರು. ಅಣ್ಣೆ, ಹೊನಗೊನ್ನೆ, ಗೋಣಿ ಸೊಪ್ಪು, ಕನ್ನೆ ಸೊಪ್ಪು, ಗಣಿಕೆ ಸೊಪ್ಪು ಒಂದೊಂದನ್ನೂ ಎಲೆಯ ಹಿಂಭಾಗ ಮುಟ್ಟಿ, ಕಾಂಡ ಮುರಿದು ತೋರಿಸಿ ಬೇರ್ಪಡಿಸಿದರು. ತಿನ್ನಬಾರದ ಒಂದೆರಡನ್ನು ಎತ್ತಿ ಹೊರಗೆ ಎಸೆದರು. ಅವತ್ತು ರಾತ್ರಿ ಮುದ್ದೆಯ ಜೊತೆ ಬೆರಕೆ ಸೊಪ್ಪಿನ ಬಸ್ಸಾರು. ದಂಟು, ಅಣ್ಣೆ, ಹೊನಗೊನ್ನೆಗಳು ಸೇರುವ ಅಮರಾಂತೇಸಿ ಕುಟುಂಬದ ಲಕ್ಷಣಗಳನ್ನು ನಾನು ಹೂವಿನ ಭಾಗಗಳಿಂದ ಕಲಿಸುತ್ತೇನೆ; ಹೂವಿಲ್ಲದ ಎಳೆಯ ಗಿಡವನ್ನು ಕೈಯ ಸ್ಪರ್ಶದಿಂದ ಗುರುತಿಸುವ ವಿದ್ಯೆ ಆ ತಾಯಿಯದು. ಅಂದಿನಿಂದ ಪ್ರತಿ ಆಗಸ್ಟಿನಲ್ಲಿ ಹೊಸ ಮಕ್ಕಳಿಗೆ ಕಳೆಯ ಮೊದಲ ಪಾಠವನ್ನು ಅವರೇ ಮಾಡುತ್ತಾರೆ. ಆ ಹೊತ್ತಿಗೆ ಅಡುಗೆಮನೆಯ ಕೆಲಸಕ್ಕೆ ಬದಲಿ ವ್ಯವಸ್ಥೆ ಮಾಡಿರುತ್ತೇವೆ, ಗೌರವಧನವನ್ನು ಅತಿಥಿ ಉಪನ್ಯಾಸದ ಲೆಕ್ಕದಲ್ಲೇ ಕೊಡಿಸುತ್ತೇವೆ. ಇದಕ್ಕಾಗಿ ಕಚೇರಿಯಲ್ಲಿ ಸಾಕಷ್ಟು ವಾದ ಮಾಡಬೇಕಾಯಿತು. ಮಾಡಬೇಕಾದ ವಾದವೇ ಅದು.

ಬೆಳೆಯ ಹಂಚಿಕೆಯಲ್ಲೂ ಇದೇ ನಿಯಮ ನಡೆಯುತ್ತದೆ. ಕೊಯ್ದ ದಿನ ಮೊದಲ ಪಾಲು ವರ್ಷವಿಡೀ ನೀರು ಹಾಕಿದವರ ಚೀಲಕ್ಕೆ, ಎರಡನೆಯದು ಹಾಸ್ಟೆಲಿನ ಅಡುಗೆಮನೆಗೆ, ಮೂರನೆಯದು ಆ ವಾರ ದುಡಿದ ವಿದ್ಯಾರ್ಥಿಗಳಿಗೆ. ಅಧ್ಯಾಪಕರಿಗೆ ಬೇಕಿದ್ದರೆ ಹಣ ಕೊಟ್ಟು ಕೊಳ್ಳಬಹುದು; ಆ ಹಣ ಬೀಜಕ್ಕೆ. ಹಣ್ಣಾದ ಟೊಮೆಟೊವನ್ನು ಯಾರೋ ರಾತ್ರಿ ಕಿತ್ತುಕೊಂಡು ಹೋದರು ಎಂಬ ದೂರು ಎಲ್ಲ ಸಾಮೂಹಿಕ ತೋಟಗಳಲ್ಲೂ ಬರುತ್ತದೆ. ನಮ್ಮಲ್ಲಿ ಪಾಲಿನ ಕ್ರಮವನ್ನು ಫಲಕದಲ್ಲಿ ಬರೆದು ಹಾಕಿದ ಮೇಲೆ ಆ ದೂರು ಬಹುಮಟ್ಟಿಗೆ ನಿಂತಿತು. ಕೋತಿಗಳಿಗೆ ಮಾತ್ರ ಫಲಕ ಓದಲು ಬರುವುದಿಲ್ಲವಾದ್ದರಿಂದ ಅವು ಮುಟ್ಟದ ಅರಿಶಿನ, ಶುಂಠಿ, ಮೆಣಸಿನಕಾಯಿಗಳನ್ನು ಮರಗಳ ಕಡೆಯ ಅಂಚಿಗೂ, ಉಳಿದದ್ದನ್ನು ಕಾವಲುಗಾರರ ಕೋಣೆಯ ಕಡೆಗೂ ಹಾಕುತ್ತೇವೆ.

ವಿದ್ಯಾರ್ಥಿಗಳ ಬಗ್ಗೆ ಒಂದು ಸೂಕ್ಷ್ಮವಿದೆ. ನಮ್ಮ ಕಾಲೇಜಿಗೆ ಬರುವ ಬಹುಪಾಲು ಮಕ್ಕಳು ಒಕ್ಕಲು ಮನೆಗಳಿಂದ, ಕೂಲಿ ಮನೆಗಳಿಂದ ಬಂದವರು. “ಮಣ್ಣು ಕೆದ್ರೋದು ಬ್ಯಾಡ ಅಂತ್ಲೇ ಓದಕ್ಕೆ ಕಳ್ಸಿದ್ದು ಮೇಡಂ” ಎಂದು ಒಬ್ಬ ತಂದೆ ನನ್ನ ಮುಂದೆ ನಿಂತು ಹೇಳಿದಾಗ ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಾಗಲಿಲ್ಲ. ತಲೆಮಾರುಗಳ ದುಡಿಮೆಗೆ ನ್ಯಾಯವಾದ ಬೆಲೆ ಸಿಗದವರಿಗೆ ಮಣ್ಣಿನ ಮಹಿಮೆಯನ್ನು ಉಪದೇಶಿಸುವ ಹಕ್ಕು ಸಂಬಳದ ಕುರ್ಚಿಯಲ್ಲಿ ಕೂತವರಿಗಿಲ್ಲ. ಆದ್ದರಿಂದ ತೋಟದ ಕೆಲಸ ನಮ್ಮಲ್ಲಿ ಸಂಪೂರ್ಣ ಐಚ್ಛಿಕ, ಮತ್ತು ಲೆಕ್ಕಕ್ಕೆ ಬರುವ ಕೆಲಸ. ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು ವರ್ಷಕ್ಕೆ ಪೂರೈಸಬೇಕಾದ 120 ಗಂಟೆಗಳಲ್ಲಿ ಇದು ಸೇರುತ್ತದೆ, ಬಿ.ಎಸ್ಸಿ. ಮಕ್ಕಳ ಪ್ರಾಯೋಗಿಕ ದಾಖಲೆಯಲ್ಲಿ ಸೇರುತ್ತದೆ. ತಡವಾಗಿ ಬಂದವರನ್ನು, ಮೊಬೈಲ್ ಹಿಡಿದು ಸಿಕ್ಕಿಬಿದ್ದವರನ್ನು ಶಿಕ್ಷೆಯಾಗಿ ಗಿಡಕ್ಕೆ ನೀರು ಹಾಕಲು ಕಳಿಸುವ ಪದ್ಧತಿ ಹಲವು ಕಡೆ ಇದೆ. ನಮ್ಮ ತೋಟದೊಳಗೆ ಅದಕ್ಕೆ ಎಂದೂ ಅವಕಾಶ ಕೊಟ್ಟಿಲ್ಲ. ಅಪ್ಪ ಅಮ್ಮ ದಿನವೂ ಮಾಡುವ ಕೆಲಸವನ್ನು ಮಕ್ಕಳಿಗೆ ದಂಡನೆಯೆಂದು ತೋರಿಸುವುದಕ್ಕಿಂತ ಕೆಟ್ಟ ಪಾಠ ಇನ್ನೊಂದಿಲ್ಲ.

ಆ ಮನೆಗಳ ಮಕ್ಕಳಿಗೆ ತೋಟದಲ್ಲಿ ಹೊಸದಾಗಿ ಸಿಗಬೇಕಾದದ್ದು ದುಡಿಮೆಯಲ್ಲ, ಪ್ರಶ್ನೆ. ಅಲಸಂದೆಯ ಬೇರನ್ನು ಮೆಲ್ಲಗೆ ಅಗೆದು ಗಂಟನ್ನು ಬ್ಲೇಡಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣ ಕಾಣುತ್ತದೆ. ಆ ಬಣ್ಣ ಕೊಡುವ ಲೆಗ್‌ಹಿಮೋಗ್ಲೋಬಿನ್ ಇದ್ದರೆ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿಯುತ್ತಿದೆ ಎಂದರ್ಥ, ಗಂಟು ಬೂದಿ ಬಣ್ಣವಾಗಿದ್ದರೆ ಕೆಲಸ ನಿಂತಿದೆ ಎಂದರ್ಥ. ಅಲಸಂದೆಯನ್ನು ವರ್ಷವೂ ಬೆಳೆಯುವ ಮನೆಯ ಹುಡುಗಿ ಇದನ್ನು ನೋಡಿ ಊರಿಗೆ ಹೋದಾಗ ಅಪ್ಪನ ಹೊಲದಲ್ಲೂ ಸೀಳಿ ನೋಡಿದೆ ಎಂದು ಬಂದು ಹೇಳಿದ್ದು ನನಗೆ ದೊಡ್ಡ ಸಂತೋಷ ಕೊಟ್ಟ ಸಂಗತಿ. ಪಾರ್ಥೇನಿಯಂ ಎಲೆಗಳನ್ನು ಜರಡಿ ಮಾಡುವ ಗೆರೆಗೆರೆಯ ಪುಟ್ಟ ಜೀರುಂಡೆ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದ ಕೀಟದ ಸಂತತಿ ಎಂದು ತಿಳಿದ ಮೇಲೆ ಯಾರೂ ಅದನ್ನು ಹೊಸಕುವುದಿಲ್ಲ. ಬೆಂಡೆಯ ಎಲೆಯ ನರಗಳು ಹಳದಿಯಾದರೆ ಬಿಳಿನೊಣ ಹರಡಿದ ನಂಜುರೋಗವೆಂದು ಗುರುತಿಸಿ, ಗಿಡವನ್ನು ಉಳಿಸುವ ಆಸೆ ಬಿಟ್ಟು ಕೂಡಲೇ ಕೀಳಬೇಕೆಂಬುದನ್ನೂ ಅವರು ಕಲಿಯುತ್ತಾರೆ. ಹುಳುಗಳಿಗೆ ನಮ್ಮಲ್ಲಿರುವ ಮುಖ್ಯ ಔಷಧ ಬೇವಿನ ಬೀಜದ ಕಷಾಯ: ಲೀಟರಿಗೆ ಐವತ್ತು ಗ್ರಾಮಿನಂತೆ ತಿರುಳನ್ನು ಕುಟ್ಟಿ ರಾತ್ರಿ ನೆನೆಸಿ, ಸೋಸಿ, ಸಂಜೆಯ ಹೊತ್ತು ಸಿಂಪಡಿಸುವುದು.

ಕೊನೆಯ ವರ್ಷದವರು ಹೋಗುವ ಮೊದಲು ಮಾಡಬೇಕಾದ ಕೆಲಸ ಎರಡು. ಒಂದು, ತೋಟದ ಪುಸ್ತಕವನ್ನು ಭರ್ತಿ ಮಾಡುವುದು. ಯಾವ ಪಾತಿಯಲ್ಲಿ ಏನು ಬಿತ್ತಿದರು, ಯಾವ ಮಳೆಗೆ ಬಿತ್ತಿದರು, ಏನು ಬಂತು, ಏನು ಸತ್ತಿತು ಎಂಬುದನ್ನು ಅದರಲ್ಲಿ ಬರೆಯುತ್ತಾರೆ, ಇದರಿಂದ ಬದನೆ ಬೆಳೆದ ಪಾತಿಗೆ ಮರುವರ್ಷ ಅದೇ ಕುಟುಂಬದ ಟೊಮೆಟೊ ಬೀಳುವುದು ತಪ್ಪುತ್ತದೆ. ಇನ್ನೊಂದು, ಬೀಜ ಉಳಿಸುವುದು. ಅವರೆ, ಹುರುಳಿಕಾಯಿ, ಟೊಮೆಟೊಗಳು ಹೆಚ್ಚಾಗಿ ತಮ್ಮಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವುದರಿಂದ ತಳಿ ಕೆಡುವ ಭಯ ಕಡಿಮೆ. ಕುಂಬಳ, ಸೋರೆಗಳಲ್ಲಿ ಹೆಣ್ಣು ಹೂವನ್ನು ಹಿಂದಿನ ಸಂಜೆಯೇ ದಾರದಿಂದ ಕಟ್ಟಿ, ಅದು ಅರಳುವ ಹೊತ್ತಿಗೆ ಅದೇ ತಳಿಯ ಗಂಡು ಹೂವನ್ನು ತಾಗಿಸಿ ಮತ್ತೆ ಕಟ್ಟಬೇಕು. ಕುಂಬಳದ ಹೂ ಮುಂಜಾನೆ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತದೆ, ಸೋರೆಯ ಬಿಳಿ ಹೂ ಸಂಜೆ ಅರಳುತ್ತದೆ. ಆ ಕೆಲಸಕ್ಕೆ ಎರಡು ಹೊತ್ತೂ ಬರುವ ಒಬ್ಬ ವಿದ್ಯಾರ್ಥಿಯಾದರೂ ಪ್ರತಿ ವರ್ಷ ಸಿಗುತ್ತಾನೆ. ಒಣಗಿಸಿದ ಬೀಜಕ್ಕೆ ಬೂದಿ ಬೆರೆಸಿ, ತಳಿಯ ಹೆಸರು ಮತ್ತು ವರ್ಷ ಬರೆದು, ಡಬ್ಬಿಗಳನ್ನು ಪ್ರಯೋಗಾಲಯದ ಕಪಾಟಿನಲ್ಲಿ ಇಡುತ್ತೇವೆ. ಕಪಾಟಿನ ಒಂದು ಕೀಲಿ ನನ್ನ ಬಳಿ ಇದೆ, ಇನ್ನೊಂದು ಮಾಲಿಯವರ ಬಳಿ.

ಈ ಸಲ ಸೊಗಡವರೆಯ ಬೀಜ ನಮಗೆ ಬೇಕಾದ್ದಕ್ಕಿಂತ ಹೆಚ್ಚು ಉಳಿದಿದೆ. ತಮ್ಮ ಕಾಲೇಜಿನಲ್ಲಿ ಹೊಸದಾಗಿ ತೋಟ ಆರಂಭಿಸುವ ಅಧ್ಯಾಪಕರು ಜುಲೈ ಮುಗಿಯುವುದರೊಳಗೆ ಬಂದರೆ ಹಂಚಿಕೊಡುತ್ತೇವೆ. ಬರುವಾಗ ನಿಮ್ಮ ಮಾಲಿಯವರನ್ನೂ ಅಡುಗೆಯವರನ್ನೂ ಕರೆತನ್ನಿ. ಬಿತ್ತನೆಯ ಮಾತನ್ನು ನಮ್ಮವರು ಅವರೊಡನೆಯೇ ಆಡಲಿ.